ಸಹಾಯ ಬೇಕು: ಮಂಡಿ ಬದಲಿಸಿ ಏಳು ವಾರ, 75 ಡಿಗ್ರಿ ದಾಟುತ್ತಿಲ್ಲ

ಮೂಳೆ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ದಯವಿಟ್ಟು ನೋಡಿ. 64 ವರ್ಷದ ಮಹಿಳೆ, ಬಲ ಮಂಡಿ ಪೂರ್ತಿ ಬದಲಿಸಿದ್ದಾರೆ. ಮಡಚುವುದು 75 ಡಿಗ್ರಿಗೇ ನಿಂತಿದೆ. ಸಮನೆಲದಲ್ಲಿ ನಡೆಯಲು ಇಷ್ಟು ಸಾಕು, ಕುರ್ಚಿಯಿಂದ ಸಲೀಸಾಗಿ ಏಳಲು 90 ದಾಟಲೇಬೇಕು. ನೇರ ಮಾಡುವಾಗಲೂ 10 ಡಿಗ್ರಿ ಬಾಕಿ. ಜ್ವರವಿಲ್ಲ, ಹೊಲಿಗೆ ಒಣಗಿದೆ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಇಳಿದಿದೆ, ಎಕ್ಸ್‌ರೇಯಲ್ಲಿ ಇಂಪ್ಲಾಂಟ್ (ಕೃತಕ ಕೀಲು) ಸರಿಯಾಗಿ ಕೂತಿದೆ. ಹಾಗಾಗಿ ಸೋಂಕಿಗಿಂತ ಕೀಲಿನೊಳಗಿನ ಅಂಟಿನ (ಗಾಯ ಮಾಯುವಾಗ ಬೆಳೆದು ಬಿಗಿಯುವ ಅಂಗಾಂಶ) ಮೇಲೇ ಅನುಮಾನ.

ಈಗ ನಡೆಯುತ್ತಿರುವುದು: ನೋವಿನ ಮಾತ್ರೆ ಕೆಲಸ ಶುರುಮಾಡಿದ ಮೇಲೆ ಮಲಗಿ ಹಿಮ್ಮಡಿ ಜಾರಿಸುವುದು, ಕೊನೆಯಲ್ಲಿ 30 ಸೆಕೆಂಡ್ ಹಿಡಿತ, ಹಿಮ್ಮಡಿಯಡಿ ಮಾತ್ರ ಟವೆಲ್ ಸುರುಳಿ ಇಟ್ಟು ಕಾಲು ಚಾಚುವುದು, ಮಂಡಿಚಿಪ್ಪನ್ನು ಮೇಲೆ ಕೆಳಗೆ ಸರಿಸುವುದು. ರಾತ್ರಿ ಮಂಡಿಯಡಿ ದಿಂಬು ಇಡುವುದನ್ನು ಬಿಡಿಸಿದ್ದೇವೆ (ಆರಾಮ ಅನಿಸುತ್ತದೆ, ಆದರೆ ಕಾಲು ಬಾಗಿದಂತೆಯೇ ಬಿಗಿಯುವುದು ಅದರಿಂದಲೇ). ಜೋರಾಗಿ ಒತ್ತಿದ ಮರುದಿನ ಊತ ಹೆಚ್ಚಿ ಮಡಚುವುದು ಇನ್ನೂ ಕಮ್ಮಿಯಾಗುತ್ತದೆ.

ಅರಿವಳಿಕೆಯಲ್ಲಿ ಮಂಡಿ ಮಡಚಿಸುವುದನ್ನು ಸಾಮಾನ್ಯವಾಗಿ 12 ವಾರದೊಳಗೆ ಮಾಡಿದರೆ ಫಲ ಹೆಚ್ಚು. ತಡವಾದರೆ ಅಂಟು ಗಟ್ಟಿಯಾಗುತ್ತದೆ, ಆಗ ಸಣ್ಣ ರಂಧ್ರದಿಂದ ಕೀಲಿನೊಳಗೆ ದೂರ್ಬೀನು (ಆರ್ತ್ರೋಸ್ಕೋಪ್) ಹಾಕಿ ಬಿಡಿಸಬೇಕಾದೀತು. ಇವರಿಗೆ ಮೂಳೆ ಸವಕಲೂ (ಆಸ್ಟಿಯೋಪೊರೋಸಿಸ್) ಇದೆ, ಮಡಚಿಸುವಾಗ ತೊಡೆಮೂಳೆ ಮುರಿಯುವ ಭಯ. ಇಂಥವರಲ್ಲಿ ನೀವು ಎಷ್ಟು ವಾರ ಕಾಯುತ್ತೀರಿ? ಮಡಚಿಸಿದ ಮೊದಲ ವಾರ ನೋವು ತಡೆಯಲು ನರದ ಬ್ಲಾಕ್ (ನರವನ್ನು ಮರಗಟ್ಟಿಸುವ ಚುಚ್ಚುಮದ್ದು) ಕೊಡುತ್ತೀರಾ, ವ್ಯಾಯಾಮ ದಿನಕ್ಕೆಷ್ಟು ಸಲ? ಎಣ್ಣೆ ಮಾಲೀಶಿನ ಸಲಹೆ ಬೇಡ.