ಮಂಡ್ಯದಲ್ಲಿ ಕಬ್ಬು ಬಿಟ್ಟು ಏನಿದೆ ಅಂದ್ರಲ್ಲ ಭಾವ, ಕೇಳಿ

ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡ್ದೆ ಕಣೇ. ಟೈಪ್ ಮಾಡ್ತಾ ಕೂತ್ರೆ ಸಂಜೆಯಾಗುತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಕೆಲಸ ಮಾಡ್ಕೊಂಡೇ ಕೇಳು. ನೀನು ಕೇಳಿದ್ದು, ಬರೋ ಭಾನುವಾರ ಮಕ್ಕಳನ್ನೂ ನಿಮ್ಮ ಅತ್ತೆ ಮಾವನ್ನೂ ಕರ್ಕೊಂಡು ಮಂಡ್ಯ ಕಡೆ ಬಂದು ರಾತ್ರಿಗೆ ವಾಪಸ್ ಬೆಂಗಳೂರು ಸೇರ್ಬೇಕು, ಗಗನಚುಕ್ಕಿ ಜಲಪಾತಕ್ಕೆ ಹೋಗೋಣ್ವಾ ಅಂತ. ಅದರ ಕೆಳಗೇ ನಿಮ್ಮಪ್ಪ ಹಾಕಿದಾರೆ, ಮಂಡ್ಯದಲ್ಲಿ ಕಬ್ಬು ಬಿಟ್ಟು ಇನ್ನೇನಿದೆ ನೋಡೋಕೆ, ಬಿಸಿಲು ಬೇರೆ, ಸುಮ್ನೆ ಮಾಲ್‌ಗೆ ಹೋಗಿ ಅಂತ. ಭಾವ, ನಿಮ್ಮ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಗಗನಚುಕ್ಕಿ. ಈಗ ಬೇಡ. ಫಾಲ್ಗುಣ ಮಾಸದಲ್ಲಿ ಅಲ್ಲಿ ನೋಡೋಕೆ ಸಿಗೋದು ಬಂಡೆ. ಇರೋ ಅಷ್ಟೋ ಇಷ್ಟೋ ನೀರು ಕರೆಂಟಿಗೆ ಹೋಗುತ್ತೆ. ಅಲ್ಲೇ ಇರೋ ಶಿವನಸಮುದ್ರದ ಪವರ್ ಹೌಸ್ ಸಾಮಾನ್ಯದ್ದಲ್ಲ, 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು, 1905ರಲ್ಲಿ ನಿಮ್ಮ ಬೆಂಗಳೂರಿನ ದೀಪ ಹತ್ತಿದ್ದೂ ಅದರಿಂದಾನೇ. ಆದ್ರೆ ಜಲಪಾತ ಅಂತ ನೋಡ್ಬೇಕು ಅಂದ್ರೆ ಆಷಾಢ ಶ್ರಾವಣದಲ್ಲಿ, ಕನ್ನಂಬಾಡಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಬಾ, ನಾನೇ ಕರ್ಕೊಂಡು ಹೋಗ್ತೀನಿ. ಕಾವೇರಿ ದಂಡೆಯ ಮುತ್ತತ್ತಿನೂ ಬೇಡ. ನೀರು ಕಡಿಮೆ ಇದೆ ಅಂತ ಮಕ್ಕಳು ಇಳಿದುಬಿಡ್ತಾರೆ, ಅಲ್ಲಿ ಸುಳಿ ಇದೆ, ಎಷ್ಟು ಜನ ಹೋಗಿದಾರೋ. ನನಗೆ ನೆನೆಸ್ಕೊಂಡ್ರೇ ಭಯ.

ನೀವು ಬರ್ಬೇಕಾಗಿರೋದು ಕೊಕ್ಕರೆ ಬೆಳ್ಳೂರಿಗೆ. ಈ ವಾರ ಇಲ್ಲ ಅಂದ್ರೆ ಮುಂದಿನ ವಾರ, ಯುಗಾದಿ ಕಳೆದು ತುಂಬಾ ದಿನ ಬಿಡ್ಬೇಡಿ. ಯಾಕೆ ಇಷ್ಟು ಅವಸರ ಮಾಡ್ತಿದೀನಿ ಅಂದ್ರೆ, ಈಗ ಅಲ್ಲಿ ಗೂಡಲ್ಲಿ ಮರಿಗಳಿವೆ ಕಣೇ. ಹಿಂಗಾರು ಮುಗಿಯೋ ಹೊತ್ತಿಗೆ ಹಕ್ಕಿಗಳು ಬಂದು, ಗೂಡು ಕಟ್ಟಿ, ಮೊಟ್ಟೆ ಇಟ್ಟು, ಈಗ ಮರಿ ದೊಡ್ಡವಾಗೋ ಕಾಲ. ಮೇ ಜೂನ್ ಹೊತ್ತಿಗೆ ಊರು ಖಾಲಿ. ಶಾಲೆಗೆ ಬೇಸಿಗೆ ರಜ ಕೊಟ್ಟ ಮೇಲೆ ನಿಧಾನಕ್ಕೆ ಬರೋಣ ಅಂತ ಎಲ್ಲರೂ ಅಂದ್ಕೊಳ್ತಾರೆ, ಬಂದಾಗ ಬರೀ ಮರ ನೋಡ್ಕೊಂಡು ಹೋಗ್ತಾರೆ.

ಅದು ಪಕ್ಷಿಧಾಮ ಅಂತ ಬೇಲಿ ಹಾಕಿ ಟಿಕೆಟ್ ಹರಿಯೋ ಥರದ್ದಲ್ಲ. ಊರು. ಜನ ಇರೋ ಊರು. ಮನೆ ಮುಂದೆ ಹುಣಸೆ ಮರ, ಕೆಳಗೆ ಹಸು ಕಟ್ಟಿರ್ತಾರೆ, ಪಕ್ಕದಲ್ಲೇ ಅಜ್ಜಿ ರಾಗಿ ಕೇರ್ತಾ ಕೂತಿರ್ತಾರೆ, ಮೇಲೆ ಕೊಂಬೆ ತುಂಬಾ ಹೆಜ್ಜಾರ್ಲೆ ಸಂಸಾರ, ಅದೇ ಪೆಲಿಕನ್ ಅಂತಾರಲ್ಲ ಅದು. ರೆಕ್ಕೆ ಬಿಚ್ಚಿದ್ರೆ ಏಳೆಂಟು ಅಡಿ ಬರೋ ಹಕ್ಕಿ, ನಿನ್ನ ತಲೆ ಮೇಲೇ ಬಂದು ಇಳಿಯುತ್ತೆ. ಆ ರೆಕ್ಕೆ ಗಾಳಿಯ ಶಬ್ದ ಕೇಳುತ್ತೆ ಪುಟ್ಟಿ, ಅದನ್ನ ಯಾವ ಟೀವಿಯಲ್ಲೂ ಕೇಳೋಕಾಗಲ್ಲ. ಕೊಕ್ಕಿನ ಕೆಳಗೆ ಚೀಲ ಇರುತ್ತಲ್ಲ, ಮರಿಗಳು ಅದರೊಳಗೆ ತಲೆ ಪೂರ್ತಿ ತೂರಿಸಿ ಮೀನು ತಿಂತಾವೆ. ನಿನ್ನ ಚಿಕ್ಕವನು ಅದನ್ನ ನೋಡಿದ್ರೆ ಅಮ್ಮನ್ನ ನುಂಗ್ತಿದೆ ಅಂತ ಕೂಗ್ತಾನೆ ನೋಡು.

ಇನ್ನೊಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಮುಖ ಕಿತ್ತಳೆ ಬಣ್ಣ, ಬಾಲದ ಹತ್ತಿರ ಯಾರೋ ಗುಲಾಬಿ ಬಣ್ಣ ಎರಚಿದ ಹಾಗೆ. ಬಿಸಿಲು ಏರಿದ ಮೇಲೆ ತಾಯಿ ತಂದೆ ಗೂಡಿನ ಮೇಲೆ ರೆಕ್ಕೆ ಅಗಲಿಸಿ ನಿಂತುಬಿಡ್ತಾವೆ, ಮರಿಗೆ ನೆರಳಾಗ್ಲಿ ಅಂತ. ಆ ಉರಿ ಬಿಸಿಲಲ್ಲಿ ಗಂಟೆಗಟ್ಟಲೆ ಹಾಗೇ ನಿಂತಿರೋದನ್ನ ನೋಡ್ಬೇಕು ನೀನು. ಅದಕ್ಕೇ ಬಿಸಿಲು ಅಂತ ಹೆದರ್ಬೇಡಿ ಭಾವ, ಆ ನೋಟ ಇರೋದೇ ಬಿಸಿಲಲ್ಲಿ. ಆದ್ರೂ ಎಂಟು ಗಂಟೆಗೆಲ್ಲ ಅಲ್ಲಿರಿ. ಕೆರೆಗಳಿಂದ ಮೀನು ತುಂಬ್ಕೊಂಡು ಬರೋ ಹಕ್ಕಿಗಳು ಸಿಗ್ತಾವೆ, ನಿಮ್ಮತ್ತೆಗೂ ತಂಪಲ್ಲಿ ಓಡಾಡೋಕಾಗುತ್ತೆ. ತೈಲೂರು ಕೆರೆ, ಸೂಳೆಕೆರೆ, ಸುತ್ತಮುತ್ತ ಕೆರೆಗಳಲ್ಲಿ ಈಗ ನೀರು ಇಳಿದು ಮೀನು ಒಂದೇ ಕಡೆ ಸೇರಿರ್ತಾವೆ, ಹಕ್ಕಿಗೆ ಹಿಡಿಯೋದು ಸುಲಭ. ಕೆರೆ ಪೂರ್ತಿ ಒಣಗಿದ ವರ್ಷ ಮಾತ್ರ ಪಾಪ, ಮರಿಗಳ ಪಾಡು ಹೇಳೋ ಹಾಗಿಲ್ಲ.

ನಾನು ಇಷ್ಟು ಹೇಳ್ತಿರೋದು ಹಕ್ಕಿ ಚೆನ್ನಾಗಿದೆ ಅಂತ ಅಷ್ಟೇ ಅಲ್ಲ. ಹಕ್ಕಿ ರಂಗನತಿಟ್ಟಲ್ಲೂ ಇದೆ. ಬೆಳ್ಳೂರಿನ ಜನದ್ದು ದೊಡ್ಡ ಮನಸ್ಸು, ಅದನ್ನ ಮಕ್ಕಳು ನೋಡ್ಬೇಕು. ಹುಣಸೆ ಹಣ್ಣು ಉದುರಿಸೋದು ಯಾವಾಗ? ಇದೇ ಕಾಲದಲ್ಲಿ. ಬಡಿಗೆ ತಗೊಂಡು ಕೊಂಬೆ ಬಡಿದ್ರೆ ಗೂಡು ಬೀಳುತ್ತೆ, ಮರಿ ಸಾಯುತ್ತೆ. ಅದಕ್ಕೆ ಗೂಡಿರೋ ಮರದ ಹಣ್ಣಿಗೆ ಅವರು ಕೈ ಹಾಕಲ್ಲ. ಒಂದು ದೊಡ್ಡ ಮರದ ಹುಣಸೆ ಅಂದ್ರೆ ಬಡವರ ಮನೆಗೆ ಎಷ್ಟಾಯ್ತು ಅಂತ ನಮ್ಮ ಹಳ್ಳಿಯಲ್ಲಿ ಬೆಳೆದ ನಿನ್ನಮ್ಮನ್ನ ಕೇಳು. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತೆ, ಆದ್ರೆ ಆ ಪರಿಹಾರ ಬರೋಕೆ ಎಷ್ಟೋ ಮುಂಚಿಂದಾನೂ ಜನ ಹಕ್ಕಿ ಇಟ್ಕೊಂಡೇ ಬಂದಿದಾರೆ. ಹಕ್ಕಿ ಬಂದ್ರೆ ಊರಿಗೆ ಒಳ್ಳೇದು, ಮಳೆ ಬೆಳೆ ಆಗುತ್ತೆ ಅನ್ನೋ ನಂಬಿಕೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತ ನೋಡ್ಕೊಳ್ತಾರೆ. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಹೂಳು ಮಣ್ಣು ಹಾಕಿ, ಹಿಕ್ಕೆ ಬೀಳೋ ಹಾಗೆ ಮಾಡಿ ಗೊಬ್ಬರಾನೂ ಮಾಡ್ಕೊಳ್ತಾರೆ. ಊರಿನವರೇ ಹೆಜ್ಜಾರ್ಲೆ ಬಳಗ ಅಂತ ಕಟ್ಕೊಂಡು, ಗೂಡಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ, ಹಾರೋ ಹಾಗಾದ ಮೇಲೆ ಬಿಡ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ವಿಷಯ ಹೊರಗೆ ತಂದ್ರು, ಆಮೇಲೆ ಪ್ರಪಂಚಕ್ಕೆ ಗೊತ್ತಾಯ್ತು. ನಮ್ಮ ಮನೆಯವರಿಗೇ ಇನ್ನೂ ಗೊತ್ತಿಲ್ಲ ಅಂದ್ರೆ ನನಗೆ ಬೇಜಾರಾಗಲ್ವಾ?

ದಾರಿ ಹೇಳ್ತೀನಿ. ಬೆಂಗಳೂರಿಂದ ಸುಮಾರು 80 ಕಿಲೋಮೀಟರ್. ಹೊಸ ಹೈವೇಯಲ್ಲಿ ಮಾತಾಡ್ತಾ ಬಂದ್ರೆ ಮದ್ದೂರು ದಾಟಿ ಹೋಗಿಬಿಡ್ತೀರಿ. ಚನ್ನಪಟ್ಟಣದ ಬೈಪಾಸ್ ಮುಗಿದ ಮೇಲೆ ಸರ್ವೀಸ್ ರಸ್ತೆಗೆ ಇಳ್ಕೊಳ್ಳಿ, ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದ್ರೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ನಿನ್ನ ತಮ್ಮ ಬೈಕಲ್ಲಿ ಬರ್ತೀನಿ ಅಂದ್ನಂತೆ, 2023ರಿಂದ ಆ ಹೈವೇಯ ಮೇನ್ ರಸ್ತೆಗೆ ಬೈಕು ಬಿಡಲ್ಲ, ಸರ್ವೀಸ್ ರಸ್ತೆಯಲ್ಲೇ ಬರ್ಲಿ, ಹೇಳು. ಕುಡಿಯೋ ನೀರು ತನ್ನಿ, ತಲೆಗೆ ಟೋಪಿ ಇರ್ಲಿ, ಬಿಸಿಲಿಗೂ ಆಯ್ತು ಹಿಕ್ಕೆಗೂ ಆಯ್ತು. ವಾಸನೆ ಇರುತ್ತೆ, ಮೀನಿನ ವಾಸನೆ, ಮೊದಲೇ ಹೇಳಿರ್ತೀನಿ, ಹತ್ತು ನಿಮಿಷಕ್ಕೆ ಅಭ್ಯಾಸ ಆಗುತ್ತೆ. ಗೂಡಿರೋ ಮರದ ಬುಡದಲ್ಲೇ ನಿಲ್ಬೇಡಿ, ಜೋರಾಗಿ ಹಾಡು ಹಾಕ್ಬೇಡಿ, ಡ್ರೋನ್ ಅಂತೂ ತರಲೇಬೇಡಿ. ಜನರ ಮನೆ ಅಂಗಳ ಅದು, ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ.

ಈಗ ನಿಮಗೆ ಬರ್ತೀನಿ ಭಾವ. ಕಬ್ಬು ಬಿಟ್ಟು ಏನಿದೆ ಅಂದ್ರಿ. ಆ ಕಬ್ಬನ್ನಾದ್ರೂ ಎಲ್ಲಿ ನೋಡಿದೀರಿ ನೀವು, ಕಾರಿನ ಕಿಟಕಿಯಿಂದ ತಾನೇ? ಮಕ್ಕಳಿಗೆ ಬೆಲ್ಲ ಹೇಗಾಗುತ್ತೆ ಅಂತ ಗೊತ್ತಾ? ಮಂಡ್ಯ ಸುತ್ತ ಹಳ್ಳಿ ಹಳ್ಳಿಯಲ್ಲೂ ಆಲೆಮನೆ ಇದೆ. ನಮ್ಮ ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲೇ ಒಂದಿದೆ, ನಾನು ಹೇಳಿರ್ತೀನಿ. ಗಾಣದಲ್ಲಿ ಕಬ್ಬಿನ ಹಾಲು ಇಳಿಯುತ್ತೆ, ಅಗಲವಾದ ಕೊಪ್ಪರಿಗೆಗೆ ಹೋಗುತ್ತೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆನೇ ಸೌದೆ. ಮೇಲೆ ಬರೋ ಮಡ್ಡಿ ತೆಗೀತಾ ತೆಗೀತಾ, ಪಾಕ ಹದಕ್ಕೆ ಬಂತಾ ಅಂತ ನೀರಿಗೆ ಒಂದು ತೊಟ್ಟು ಬಿಟ್ಟು ನೋಡ್ತಾರೆ. ಆ ನೋಡೋ ಕಣ್ಣಿದೆಯಲ್ಲ, ಅದು ಯಾವ ಕಾಲೇಜಲ್ಲೂ ಕಲ್ಸಲ್ಲ. ಆಮೇಲೆ ತೊಟ್ಟಿಗೆ ಸುರಿದು, ಆರೋಕೆ ಬಿಟ್ಟು, ಅಚ್ಚಿಗೆ ತುಂಬ್ತಾರೆ. ಬಿಸಿ ಬೆಲ್ಲ ಎಲೆ ಮೇಲೆ ಹಾಕಿ ಕೊಟ್ರೆ ನಿಮಗೆ ಶುಗರ್ ಇದೆ, ನೀವು ಮುಟ್ಬೇಡಿ, ಮಕ್ಕಳು ತಿನ್ಲಿ. ಕೊಪ್ಪರಿಗೆ ಹತ್ತಿರ ಮಾತ್ರ ಮಕ್ಕಳ ಕೈ ಹಿಡ್ಕೊಂಡೇ ಇರ್ಬೇಕು. ಒಣಭೂಮಿ ಆಗಿದ್ದ ಈ ಸೀಮೆಗೆ ಕನ್ನಂಬಾಡಿ ನಾಲೆ ಬಂದು ಕಬ್ಬಾಗಿದ್ದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಗಿದ್ದು, ಇದೆಲ್ಲ ನೀವೇ ಮೊಮ್ಮಕ್ಕಳಿಗೆ ಹೇಳ್ಬೇಕು. ನಿಮ್ಮ ಬಾಯಲ್ಲಿ ಕೇಳಿದ್ರೆ ಅವರಿಗೆ ನೆನಪಿರುತ್ತೆ.

ಮಧ್ಯಾಹ್ನ ಊಟ ಇಲ್ಲೇ, ಅದರಲ್ಲಿ ಮಾತಿಲ್ಲ. ಮುದ್ದೆ, ಸೊಪ್ಪಿನ ಉಪ್ಸಾರು, ಖಾರ. ನಿಮ್ಮತ್ತೆಗೆ ಅನ್ನ ಸಾರು ಬೇರೆ ಮಾಡಿರ್ತೀನಿ. ಬರ್ತಾ ದಾರಿಯಲ್ಲಿ ಮದ್ದೂರು ವಡೆ ತಿಂದು ಹೊಟ್ಟೆ ತುಂಬಿಸ್ಕೊಂಡು ಬರ್ಬೇಡಿ, ವಾಪಸ್ ಹೋಗ್ತಾ ಕಟ್ಟಿಸ್ಕೊಳ್ಳಿ.

ಸಂಜೆಗೆ ಒಂದೇ ಜಾಗ ಇಟ್ಕೊಳ್ಳಿ. ಲಿಸ್ಟ್ ಮಾಡ್ಕೊಂಡು ಒಂದೇ ದಿನದಲ್ಲಿ ಶ್ರೀರಂಗಪಟ್ಟಣ, ರಂಗನತಿಟ್ಟು, ಮೇಲುಕೋಟೆ, ತೊಣ್ಣೂರು ಕೆರೆ ಎಲ್ಲ ಮುಗಿಸೋದು ನನಗೆ ಸ್ವಲ್ಪವೂ ಹಿಡಿಸಲ್ಲ ಕಣೇ, ಮಕ್ಕಳಿಗೆ ಕಾರು ಹತ್ತಿಳಿದಿದ್ದೇ ನೆನಪಿರುತ್ತೆ. ಮೇಲುಕೋಟೆ ಆಸೆ ನಿನಗೆ, ಗೊತ್ತು. ಆದ್ರೆ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ನಿಮ್ಮ ಮಾವನ ಮಂಡಿಗೆ ಆಗಲ್ಲ. ಯುಗಾದಿ ಆಸುಪಾಸಲ್ಲಿ ಅಲ್ಲಿ ವೈರಮುಡಿ ಉತ್ಸವ ಬರುತ್ತೆ, ಮಂಡ್ಯದ ಖಜಾನೆಯಿಂದ ಕಿರೀಟ ಮೆರವಣಿಗೆಯಲ್ಲಿ ಹೊರಡುತ್ತೆ, ರಾತ್ರಿ ಚೆಲುವನಾರಾಯಣನಿಗೆ ಮುಡಿಸ್ತಾರೆ. ಅವತ್ತು ಕಾಲಿಡೋಕೆ ಜಾಗ ಇರಲ್ಲ. ಅದಕ್ಕೆ ನಾವಿಬ್ಬರೇ ಇನ್ನೊಂದು ಸಲ ಹೋಗೋಣ.

ಭಾನುವಾರಕ್ಕೆ ಬಸರಾಳು. ಮಂಡ್ಯದಿಂದ ನಾಗಮಂಗಲ ದಾರಿಯಲ್ಲಿ, ಸುಮಾರು 25 ಕಿಲೋಮೀಟರ್. ಮಲ್ಲಿಕಾರ್ಜುನ ದೇವಸ್ಥಾನ, 1234ರಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಸೋಮನಾಥಪುರಕ್ಕಿಂತ ಒಂದು ತಲೆಮಾರು ಹಿಂದಿಂದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರಕ್ಕೂ 2023ರಲ್ಲಿ ಯುನೆಸ್ಕೋ ಹೆಸರು ಬಂತು, ಒಳ್ಳೇದೇ ಆಯ್ತು, ಆದ್ರೆ ಬಸರಾಳಿಗೆ ಹೋದ್ರೆ ದೇವಸ್ಥಾನ ನಿಮ್ಮೊಬ್ಬರಿಗೇ ಸಿಗುತ್ತೆ. ಸಮತಟ್ಟು ಜಾಗ, ಹತ್ತೋದು ಏನಿಲ್ಲ. ಸಂಜೆ ಇಳಿಬಿಸಿಲು ಗೋಡೆಗೆ ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನ ಕೆತ್ತನೆ ಎದ್ದು ಕಾಣುತ್ತೆ, ಮಧ್ಯಾಹ್ನ ಹೋದ್ರೆ ಅದೇ ಗೋಡೆ ಮಂಕು. ಕೆಳಗಿನ ಸಾಲಲ್ಲಿ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು. ಕೈಲಾಸ ಎತ್ತೋ ರಾವಣನನ್ನ ನಿನ್ನ ದೊಡ್ಡವಳಿಗೆ ಹುಡುಕೋಕೆ ಹೇಳು, ಅವಳಿಗೆ ಕಥೆ ಗೊತ್ತಲ್ಲ. ದಾರಿಯಲ್ಲಿ ಹೊಂಗೆ ಮರ ಈಗಷ್ಟೇ ಚಿಗುರ್ತಾ ಇದೆ, ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೀತಿದೆ. ಅಲ್ಲಲ್ಲಿ ಮುತ್ತುಗ ಕೆಂಪಾಗಿದೆ. ಕಾರು ನಿಲ್ಲಿಸಿ ನೋಡಿ, ಓಡಿಸ್ಕೊಂಡೇ ಹೋಗ್ಬೇಡಿ.

ಇಷ್ಟೇ ಕಣೇ. ಅಲ್ಲಿಂದ ಆರೂವರೆಗೆ ಹೊರಟ್ರೂ ಊಟದ ಹೊತ್ತಿಗೆ ಮನೆ ಸೇರ್ತೀರಿ. ಭಾವ, ನೀವೂ ಅಕ್ಕನೂ ಬರಲೇಬೇಕು, ಬರೀ ಮಕ್ಕಳನ್ನ ಕಳಿಸಿದ್ರೆ ನಾನು ಒಪ್ಪಲ್ಲ. ಎಷ್ಟು ಜನ ಅಂತ ಶುಕ್ರವಾರದೊಳಗೆ ಹೇಳು ಪುಟ್ಟಿ, ರಾಗಿ ಹಿಟ್ಟು ಮಾಡಿಸ್ಬೇಕು, ಆಲೆಮನೆಯವರಿಗೂ ಒಂದು ಮಾತು ಹೇಳ್ಬೇಕು.