ಅಕ್ಕ, ತಂಗಿ, ಒಂದು ಕೋಣೆ: ಕ್ಯಾಮೆರಾ ಎಲ್ಲಿಡಬೇಕು?

ಪ್ರಶ್ನೆ: ನಮ್ಮ ವಿದ್ಯಾರ್ಥಿ ಕಿರುಚಿತ್ರದಲ್ಲಿ ಇರುವುದು ಒಂದೇ ದೊಡ್ಡ ದೃಶ್ಯ. ಮನೆ ಬಿಟ್ಟು ಹೋಗುವ ಸುದ್ದಿಯನ್ನು ಅಕ್ಕ ತಂಗಿಗೆ ತಿಳಿಸುತ್ತಾಳೆ. ಇಬ್ಬರ ಅಭಿನಯವೂ ಚೆನ್ನಾಗಿದೆ. ಆದರೆ ಪ್ರಯೋಗಕ್ಕೆಂದು ತೆಗೆದ ತುಣುಕು ನೋಡಿದವರೆಲ್ಲ ಮನಸ್ಸಿಗೆ ತಟ್ಟಲಿಲ್ಲ ಎನ್ನುತ್ತಾರೆ. ಬಹುಪಾಲು ಮಿಡ್ ಶಾಟ್ (ಸೊಂಟದಿಂದ ಮೇಲೆ), ನಡುನಡುವೆ ಕ್ಲೋಸ್‌ಅಪ್. ಕೈಯಲ್ಲಿರುವುದು ಒಂದು ಕ್ಯಾಮೆರಾ, 24 ಮತ್ತು 50 ಮಿ.ಮೀ. ಲೆನ್ಸ್, ಒಂದು ಟ್ರೈಪಾಡ್. ಅನುಭವ ಇರುವವರು ದಯವಿಟ್ಟು ಹೇಳಿ.

ಛಾಯಾಗ್ರಾಹಕರೊಬ್ಬರು: ಶಾಟ್‌ಗಳ ಪಟ್ಟಿ ಆಮೇಲೆ. ದೃಶ್ಯ ಯಾರದು ಎಂದು ಮೊದಲು ತೀರ್ಮಾನಿಸಿ. ಸುದ್ದಿ ಅಕ್ಕನದು, ಪೆಟ್ಟು ಬೀಳುವುದು ತಂಗಿಗೆ. ನಾನಾದರೆ ತಂಗಿಯ ಪಕ್ಷ ವಹಿಸುತ್ತೇನೆ. ಸುದ್ದಿ ಹೊರಬೀಳುವ ತನಕ ಇಬ್ಬರೂ ಒಂದೇ ಫ್ರೇಮಿನಲ್ಲಿರಲಿ. ತಂಗಿಯ ಮುಖ ತೋರಿಸುವಾಗಲೂ ಅಕ್ಕನ ಭುಜ ಅಂಚಿನಲ್ಲಿ ಕಾಣುತ್ತಿರಲಿ. 'ನಾನು ಹೊರಡುತ್ತಿದ್ದೇನೆ' ಎಂಬ ಮಾತು ಬಿದ್ದ ಕೂಡಲೇ ಆ ಭುಜವನ್ನು ತೆಗೆದುಬಿಡಿ. ಫ್ರೇಮಿನಲ್ಲಿ ತಂಗಿ ಒಬ್ಬಳೇ. ಏನು ಬದಲಾಯಿತೆಂದು ನೋಡುಗರಿಗೆ ಹೇಳಲು ಬಾರದಿದ್ದರೂ ಅವಳ ಒಂಟಿತನ ತಾಕುತ್ತದೆ. ಕ್ಲೋಸ್‌ಅಪ್ ಅನ್ನು ಅಲ್ಲಿಯವರೆಗೆ ಬಚ್ಚಿಡಿ. ಮೊದಲ ನಿಮಿಷದಲ್ಲೇ ಪರದೆ ತುಂಬ ಮುಖ ತೋರಿಸಿದರೆ, ಬೇಕಾದಾಗ ಇನ್ನೂ ಹತ್ತಿರ ಹೋಗಲು ಜಾಗವೇ ಉಳಿಯುವುದಿಲ್ಲ.

ಆ ಕ್ಲೋಸ್‌ಅಪ್ ತೆಗೆಯುವಾಗ ಅಕ್ಕನ ಪಾತ್ರಧಾರಿಯನ್ನು ಲೆನ್ಸಿಗೆ ತಾಗಿದಂತೆ ಕೂರಿಸಿ. ತಂಗಿಯ ನೋಟ ಲೆನ್ಸಿನ ಪಕ್ಕಕ್ಕೇ ಬೀಳುತ್ತದೆ, ಎರಡೂ ಕಣ್ಣು ಕಾಣುತ್ತವೆ. ಬದಿಯಿಂದ ತೆಗೆದ ಮುಖ ಎಷ್ಟೇ ದೊಡ್ಡದಾಗಿದ್ದರೂ ನಾವು ಹೊರಗಿನವರೇ.

ಕ್ಯಾಮೆರಾ ಸಹಾಯಕರೊಬ್ಬರು: ಲೆನ್ಸಿನ ಬಗ್ಗೆ ನನ್ನದೊಂದು ಮಾತು. ಅಗಲ ನೋಟದ 24ರಲ್ಲಿ ತೀರಾ ಹತ್ತಿರ ಹೋಗಿ ಮುಖ ತೆಗೆದರೆ ಮೂಗು ಉಬ್ಬುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ, ಗೋಡೆ ದೂರ ಹೋಗುತ್ತದೆ. ಅದು ನಿಜಕ್ಕೂ ನೀವು ನಿಂತ ದೂರದ ಪರಿಣಾಮ. ದಿಗಿಲು ಬೇಕಿದ್ದರೆ ಸರಿ. ಮುಖ ಅಷ್ಟೇ ಗಾತ್ರದಲ್ಲಿರುವಂತೆ ಹಿಂದೆ ಸರಿದು 50ರಲ್ಲಿ ತೆಗೆದರೆ ಅದೇ ಮುಖ ಶಾಂತವಾಗಿ ಕಾಣುತ್ತದೆ. ಎರಡನ್ನೂ ತೆಗೆದು ಅಕ್ಕಪಕ್ಕ ಇಟ್ಟು ನೋಡಿ.

ಕೆಳಗಿನಿಂದ ತೆಗೆದರೆ ಬಲ, ಮೇಲಿನಿಂದ ತೆಗೆದರೆ ದೈನ್ಯ ಎಂಬ ಸೂತ್ರವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅಕ್ಕ ನಿಂತು, ತಂಗಿ ಕುಳಿತಿದ್ದರೆ ಕ್ಯಾಮೆರಾವನ್ನು ತಂಗಿಯ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಸಾಕು. ಅಕ್ಕ ತಾನಾಗಿಯೇ ಎತ್ತರವಾಗುತ್ತಾಳೆ.

ಸಂಕಲನಕಾರರೊಬ್ಬರು: ಕೇಳುವವಳ ಮುಖವನ್ನು ದೃಶ್ಯದ ಆರಂಭದಿಂದ ಕೊನೆಯವರೆಗೆ ಒಂದೇ ಟೇಕಿನಲ್ಲಿ ತೆಗೆಯಿರಿ. ವಿದ್ಯಾರ್ಥಿಗಳು ನನ್ನ ಬಳಿ ತರುವ ತುಣುಕುಗಳಲ್ಲಿ ಮಾತನಾಡುವವರ ಶಾಟ್ ರಾಶಿ ರಾಶಿ, ಕೇಳುವವರದು ಹುಡುಕಿದರೂ ಸಿಗುವುದಿಲ್ಲ. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಹೆಸರಿನಲ್ಲಿ ಪ್ರಸಿದ್ಧವಾದ ಪ್ರಯೋಗ ನಿಮಗೆ ಗೊತ್ತಿರಬಹುದು: ಭಾವವಿಲ್ಲದ ಅದೇ ಮುಖ, ಪಕ್ಕದ ಶಾಟ್‌ನಲ್ಲಿ ಸೂಪಿನ ಬಟ್ಟಲು ಬಂದರೆ ನೋಡುಗರಿಗೆ ಅದರಲ್ಲಿ ಹಸಿವು ಕಾಣುತ್ತದೆ, ಶವಪೆಟ್ಟಿಗೆ ಬಂದರೆ ದುಃಖ. ಹಾಗಾಗಿ ತಂಗಿಗೆ 'ಇನ್ನೂ ಅಳು' ಎಂದು ಪೀಡಿಸಬೇಡಿ. ಅಕ್ಕನ ಕೈ ಚೀಲದ ಜಿಪ್ ಎಳೆಯುವ ಒಂದು ಶಾಟ್ ಇರಲಿ. ಜಿಪ್ ಅರ್ಧಕ್ಕೆ ಸಿಕ್ಕಿಕೊಳ್ಳಲಿ, ಅವಳು ಮತ್ತೆ ಎಳೆಯಲಿ. ಅದರ ಪಕ್ಕ ತಂಗಿಯ ಸುಮ್ಮನಿರುವ ಮುಖ ಸಾಕು.

ಮತ್ತೊಬ್ಬರು: ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ತೆಗೆಯುವ ಆಸೆಯಿದ್ದರೆ ಸುದ್ದಿ ಬಿದ್ದ ಮೇಲೆ ಮಾತ್ರ. ಮೊದಲಿನಿಂದಲೂ ನಡುಗುತ್ತಿದ್ದರೆ ಆ ನಡುಕಕ್ಕೆ ಅರ್ಥವಿರುವುದಿಲ್ಲ. ಇಬ್ಬರನ್ನೂ ಜೋಡಿಸುವ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಲಿ, ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತದೆ. ಅಂದ ಹಾಗೆ, ಕೊನೆಯಲ್ಲಿ ಅಕ್ಕ ಹೊರಟುಹೋಗುತ್ತಾಳೋ, ಅಲ್ಲೇ ಉಳಿಯುತ್ತಾಳೋ? ಅದನ್ನು ತಿಳಿಸಿದರೆ ಕೊನೆಯ ಶಾಟ್ ಬಗ್ಗೆಯೂ ಹೇಳಬಹುದು.