ಸಹಾಯ ಬೇಕು: ಸಿಂಡಿಕೇಟೆಡ್ ಸಾಲದಲ್ಲಿ ಲೀಡ್ ಅರೇಂಜರ್‌ನ ಹೊಣೆ ಎಲ್ಲಿಯವರೆಗೆ?

ಎಲ್ಲರಿಗೂ ನಮಸ್ಕಾರ. ಹಲವು ಬ್ಯಾಂಕುಗಳು ಸೇರಿ ಕೊಡುವ ಸಾಲವೊಂದರಲ್ಲಿ ನಮ್ಮ ಸಂಸ್ಥೆ ಸಣ್ಣ ಪಾಲುದಾರ. ಕರಡು ಒಪ್ಪಂದ ಓದುವ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂದಿದೆ.

ಅರೇಂಜರ್ ಸಾಲಗಾರನಿಂದ ಮ್ಯಾಂಡೇಟ್ (ಸಾಲ ಹೊಂದಿಸಿಕೊಡುವ ಅಧಿಕಾರ) ಪಡೆದು, ಷರತ್ತು ಕುದುರಿಸಿ, ಮಾಹಿತಿ ಪತ್ರ ಹಂಚಿ, ಉಳಿದ ಬ್ಯಾಂಕುಗಳನ್ನು ಕರೆತರುತ್ತಾನೆ. ಅಂಡರ್‌ರೈಟ್ ಮಾಡಿದ್ದರೆ, ಅಂದರೆ ಪೂರ್ತಿ ಮೊತ್ತಕ್ಕೆ ಖಾತರಿ ಕೊಟ್ಟಿದ್ದರೆ, ಯಾರೂ ಕೊಳ್ಳದ ಪಾಲನ್ನು ತಾನೇ ಹೊರಬೇಕು. 'ಬೆಸ್ಟ್ ಎಫರ್ಟ್ಸ್' (ಖಾತರಿಯಿಲ್ಲದೆ ಪ್ರಯತ್ನಿಸುವ ಮಾತು ಮಾತ್ರ) ಆದರೆ ಆ ಭಾರವಿಲ್ಲ. ಸಹಿಯ ನಂತರದ ದಿನನಿತ್ಯದ ಕೆಲಸ, ಬ್ಯಾಂಕುಗಳ ಪರವಾಗಿ ಸಾಲವನ್ನು ನಿರ್ವಹಿಸುವ ಏಜೆಂಟ್‌ನದು. ಇಷ್ಟು ಅರ್ಥವಾಗಿದೆ.

ನನ್ನನ್ನು ಕಾಡುತ್ತಿರುವುದು ಒಂದೇ ಕಲಮು: ಅರೇಂಜರ್‌ಗೆ ಯಾರ ಬಗೆಗೂ ಯಾವ ಹೊಣೆಯೂ ಇಲ್ಲ, ಪ್ರತಿ ಬ್ಯಾಂಕೂ ತಾನೇ ಪರಿಶೀಲಿಸಿಕೊಂಡಿದೆ ಎಂದು ಅದು ಹೇಳುತ್ತದೆ. ಆದರೆ ನಮ್ಮ ಕೈಗೆ ಬಂದದ್ದೆಲ್ಲ ಅವರೇ ಸಿದ್ಧಪಡಿಸಿದ ಮಾಹಿತಿ! ಐಎಫ್‌ಇ ಫಂಡ್ ವಿರುದ್ಧ ಗೋಲ್ಡ್‌ಮನ್ ಸ್ಯಾಕ್ಸ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಇಂಥ ಕಲಮನ್ನು ಎತ್ತಿಹಿಡಿದಿದೆ. ವಂಚನೆ, ದುರುದ್ದೇಶದ ಮಾತು ಬೇರೆ.

ಅನುಭವಿಗಳೇ, ಸಹಿಗೆ ಮುನ್ನ ಅರೇಂಜರ್‌ನಿಂದ ಏನೇನು ಬರಹದಲ್ಲಿ ಕೇಳುತ್ತೀರಿ? ಸಾಲಗಾರನಿಂದಲೇ ನೇರವಾಗಿ ಮಾಹಿತಿಯ ಖಾತರಿ ಪಡೆದರೆ ಸಾಕೇ? ಅವರ ಫೀ ಎಷ್ಟೆಂದು ನಾವು ಕೇಳುವುದು ವಾಡಿಕೆಯೇ? ನೀವು ಬಳಸಿದ ಕಲಮಿನ ಮಾತುಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ.